ಹದಿನೆಂಟನೆಯ ಹಾಡಿನ ಎಪ್ಪತ್ತಮೂರು ಸೆಕೆಂಡು

೧೯೯೨ನೆಯ ಇಸವಿ, ಫೆಬ್ರವರಿ ೨೯, ಶನಿವಾರ. ಶಿಡ್ಲಘಟ್ಟದ ನಮ್ಮ ಪ್ರೌಢಶಾಲೆಯ ಹತ್ತನೆಯ ತರಗತಿ ‘ಬಿ’ ವಿಭಾಗದಲ್ಲಿ ಆ ದಿನದ ಹಾಜರಿ ಮೂವತ್ತಾರಕ್ಕೆ ಮೂವತ್ತಾರು. ಇಡೀ ವರ್ಷದಲ್ಲಿ ಪೂರ್ಣ ಹಾಜರಿ ಬಿದ್ದದ್ದು ಅದೊಂದೇ ದಿನ. ಕಾರಣ ಗಣಿತವಲ್ಲ, ಅರವತ್ತು ನಿಮಿಷದ ಒಂದು ಕ್ಯಾಸೆಟ್ಟು.

ನಾನು ಆ ತರಗತಿಯ ಗಣಿತದ ಮೇಷ್ಟ್ರು, ಪುಟ್ಟಸ್ವಾಮಯ್ಯ. ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ಕಪ್ಪುಹಲಗೆಯ ಮೇಲೆ ತಪ್ಪು ಉತ್ತರ ಬರೆದದ್ದು ಒಮ್ಮೆ ಮಾತ್ರ. ಆ ತಪ್ಪಿನ ಮೊತ್ತ ಎಪ್ಪತ್ತಮೂರು ಸೆಕೆಂಡು. ಅದನ್ನು ಕಳೆದುಕೊಂಡವಳು ಹಾಜರಿ ಸಂಖ್ಯೆ ಹದಿನೆಂಟು, ಅಂಬರೀನ್. ನಾನು ಆಕೆಯ ಎದುರಿಗೆ ನಿಂತು ತಪ್ಪು ನನ್ನದು ಎನ್ನಲು ಮೂವತ್ತಮೂರು ವರ್ಷ, ಎಂಟು ತಿಂಗಳು, ಹದಿನೆಂಟು ದಿನ ಹಿಡಿಯಿತು.

ಆ ವರ್ಷದ ಮಕ್ಕಳನ್ನು ಮೊದಲು ಹೇಳಬೇಕು. ಗಂಡುಮಕ್ಕಳಿಗೆ ಹಣೆಯ ಮೇಲೆ ಒಂದು ಗುಪ್ಪೆ ಕೂದಲು ಎದ್ದು ನಿಲ್ಲಲೇಬೇಕಿತ್ತು. ಅದಕ್ಕಾಗಿ ಅಂಗಿಯ ಜೇಬಿನಲ್ಲಿ ಬಾಚಣಿಗೆ, ಕೊಳಾಯಿಯ ಮುಂದೆ ಸಾಲು. ಪ್ಯಾಂಟುಗಳು ತೊಡೆಯ ಬಳಿ ಇಬ್ಬರಿಗಾಗುವಷ್ಟು ಅಗಲವಾಗಿದ್ದು ಕಾಲ್ಗಂಟಿನ ಬಳಿ ಒಬ್ಬನಿಗೇ ಸಾಲದಷ್ಟು ಕಿರಿದಾಗುತ್ತಿದ್ದವು. ಹೆಣ್ಣುಮಕ್ಕಳ ಕಂಪಾಸು ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ ಒಬ್ಬನಲ್ಲ ಒಬ್ಬ ನಾಯಕನಟ ನಗುತ್ತಿದ್ದ. ಕೋನಮಾಪಕ ತೆಗೆಯಿರಿ ಎಂದರೆ ಹದಿನಾರು ಮುಚ್ಚಳ ತೆರೆದು ಹದಿನಾರು ನಗು ಕಾಣುತ್ತಿತ್ತು. ಪ್ರಮೇಯದ ನಾಲ್ಕು ಸಾಲು ನಿಲ್ಲದ ತಲೆಗಳಲ್ಲಿ ಚಿತ್ರದ ಸಂಭಾಷಣೆ ನಾಲ್ಕು ಪುಟ ನಿಲ್ಲುತ್ತಿತ್ತು. ಹಾಜರಿ ಸಂಖ್ಯೆ ಇಪ್ಪತ್ತೇಳು, ರಮೇಶ್‌ಬಾಬು, ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಪೈಥಾಗೊರಸನ ಪ್ರಮೇಯದ ಸಾಧನೆ ಬರೆಯಬೇಕಾದ ಜಾಗದಲ್ಲಿ ಖಳನಾಯಕನಿಗೆ ನಾಯಕ ಹಾಕುವ ಸವಾಲನ್ನು ಬರೆದು, ಕೊನೆಗೆ ‘ಇದೇ ಸಾಧಿಸಬೇಕಾದದ್ದು’ ಎಂದು ಮುಗಿಸಿದ್ದ. ಸೊನ್ನೆ ಕೊಟ್ಟೆ. ಕಾಗುಣಿತದ ತಪ್ಪು ಮಾತ್ರ ಒಂದೂ ಇರಲಿಲ್ಲ.

ಇವೆಲ್ಲ ನನಗೆ ತಿಳಿದದ್ದು ವಶಪಡಿಸಿಕೊಂಡ ವಸ್ತುಗಳಿಂದ. ಫೆಬ್ರವರಿಯ ಹೊತ್ತಿಗೆ ನನ್ನ ಮೇಜಿನ ಖಾನೆಯಲ್ಲಿ ಹಾಡಿನ ಪುಸ್ತಕ ಹದಿನಾಲ್ಕು, ನಟರ ಚಿತ್ರ ಒಂಬತ್ತು, ಬಾಚಣಿಗೆ ಏಳು, ಆಟೋಗ್ರಾಫ್ ಪುಸ್ತಕ ಐದು, ಮತ್ತು ಆಸ್ಟ್ರೇಲಿಯಾದಿಂದ ಬೆಳಗ್ಗೆ ಬರುತ್ತಿದ್ದ ಕ್ರಿಕೆಟ್ ವಿವರಣೆ ಕೇಳಲು ಜಾಹಿದ್ ಊಟದ ಡಬ್ಬಿಯಲ್ಲಿಟ್ಟು ತಂದಿದ್ದ ಅಂಗೈಯಗಲದ ರೇಡಿಯೋ ಒಂದು. ಪ್ರತಿಯೊಂದಕ್ಕೂ ಹಾಜರಿ ಸಂಖ್ಯೆಯ ಚೀಟಿ ಅಂಟಿಸಿದ್ದೆ. ಬೀಳ್ಕೊಡುಗೆಯ ದಿನ ಎಲ್ಲವನ್ನೂ ಹಿಂತಿರುಗಿಸಿದೆ.

ಕ್ಯಾಸೆಟ್ಟಿನ ಜಗಳ ಜನವರಿಯಲ್ಲಿ ಶುರುವಾಯಿತು. ಆಗ ಬಸ್ ನಿಲ್ದಾಣದ ಎದುರಿಗೆ ವೆಂಕಟರವಣಪ್ಪನ ಕ್ಯಾಸೆಟ್ ಅಂಗಡಿ ಇತ್ತು. ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಆತ ಖಾಲಿ ಕ್ಯಾಸೆಟ್ಟಿಗೆ ಒಂದೊಂದಾಗಿ ತುಂಬಿಸಿಕೊಡುತ್ತಿದ್ದ. ಬೀಳ್ಕೊಡುಗೆಗೆಂದು ಇಡೀ ತರಗತಿಯ ಹೆಸರಿನಲ್ಲಿ ಒಂದು ಕ್ಯಾಸೆಟ್ಟು ತುಂಬಿಸುವುದೆಂದು ಮಕ್ಕಳು ನಿಶ್ಚಯಿಸಿದರು. ಅರವತ್ತು ನಿಮಿಷಕ್ಕೆ ಹಿಡಿಯುವುದು ಹನ್ನೆರಡು ಹಾಡು. ಕೇಳಿದವರು ಮೂವತ್ತಾರು ಮಂದಿ. ಒಂಬತ್ತು ದಿನ ಕಿತ್ತಾಡಿದರು. ಹತ್ತನೆಯ ದಿನ ನಾನು ಸೀಮೆಸುಣ್ಣ ಕೈಗೆತ್ತಿಕೊಂಡೆ.

ಅರವತ್ತು ನಿಮಿಷವೆಂದರೆ ಮೂರು ಸಾವಿರದ ಆರುನೂರು ಸೆಕೆಂಡು. ಭಾಗಿಸು ಮೂವತ್ತಾರು. ನೂರು. ಶೇಷ ಸೊನ್ನೆ.

“ಒಬ್ಬೊಬ್ಬರಿಗೆ ನೂರು ಸೆಕೆಂಡು. ಆರಂಭದ ವಾದ್ಯ, ಪಲ್ಲವಿ, ಅಷ್ಟೇ. ಹದಿನೆಂಟು ಜನ ಎ ಬದಿಗೆ, ಹದಿನೆಂಟು ಜನ ಬಿ ಬದಿಗೆ. ಹಾಜರಿ ಸಂಖ್ಯೆಯ ಪ್ರಕಾರ,” ಎಂದೆ.

ಮಕ್ಕಳು ಡೆಸ್ಕು ಬಡಿದರು. ಭಾಗಾಕಾರಕ್ಕೆ ಚಪ್ಪಾಳೆ ಬಿದ್ದದ್ದನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

ಹಾಜರಿ ಸಂಖ್ಯೆ ಹತ್ತೊಂಬತ್ತು, ತನುಜ, ಎದ್ದು ನಿಂತಳು. “ಸಾರ್, ನಿಮ್ದೂ ಒಂದು ಹಾಡು ಹೇಳಿ ಸಾರ್.”

“ಮೂವತ್ತೇಳರಿಂದ ಭಾಗಿಸಿದ್ರೆ ಶೇಷ ಹನ್ನೊಂದು ಉಳಿಯುತ್ತೆ. ಬೇಡ. ಕೂತ್ಕೊ.”

ನನಗೂ ಒಂದು ಹಾಡಿತ್ತು. ಹೇಳಲಿಲ್ಲ.

ಎಲ್ಲರಿಗಿಂತ ಕೊನೆಗೆ ಹಾಡಿನ ಹೆಸರು ಕೊಟ್ಟವಳು ಅಂಬರೀನ್. ಅವಳ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಹಿತ್ತಲ ಶೆಡ್ಡಿನಲ್ಲಿ ನಾಲ್ಕು ಚರಕ, ಗೋಡೆಯ ಮೊಳೆಗೆ ತೂಗುಹಾಕಿದ ರೇಡಿಯೋ. ಚೀಟಿ ಕೊಡುವಾಗ ಅವಳು ಹೇಳಿದ್ದು ನನಗೆ ಇಂದಿಗೂ ಅಕ್ಷರಶಃ ನೆನಪಿದೆ.

“ಸಾರ್, ನಮ್ಮನೇಲಿ ದಿನಾ ಹಾಡು ಬರುತ್ತೆ. ಆದ್ರೆ ಚರಕದ ಸದ್ದಲ್ಲಿ ಅರ್ಧ ಕೇಳುತ್ತೆ, ಅರ್ಧ ನಾನೇ ಸೇರಿಸ್ಕೋತೀನಿ. ಈ ಹಾಡು ನಂಗೆ ಪೂರಾ ಬರುತ್ತೆ, ಆದ್ರೆ ಪೂರಾ ಕೇಳೇ ಇಲ್ಲ. ಕ್ಲಾಸಲ್ಲಿ ಚರಕ ಇಲ್ವಲ್ಲ ಸಾರ್.”

ನಾನು ‘ನೂರು ಸೆಕೆಂಡು’ ಎಂದು ಚೀಟಿಯ ಮೇಲೆ ಬರೆದು ಸಹಿ ಹಾಕಿದೆ.

ಫೆಬ್ರವರಿ ೨೯, ಬೀಳ್ಕೊಡುಗೆಯ ಮಧ್ಯಾಹ್ನ, ಜಾಹಿದ್ ತನ್ನ ಅಣ್ಣನ ಎರಡು ಸ್ಪೀಕರಿನ ಸೆಟ್ಟನ್ನು ಸೈಕಲ್ ಮೇಲೆ ಕಟ್ಟಿಕೊಂಡು ಬಂದ. ಒಂದನೆಯ ಹಾಡಿಗೆ ಮೂವತ್ತಾರು ಮಂದಿಯೂ ಎದ್ದು ನಿಂತಿದ್ದರು. ಏಳನೆಯ ಹಾಡಿಗೆ ರಘುನಂದನ್ ಡೆಸ್ಕಿನ ಮೇಲೆ ಹತ್ತಿದ. ಇಳಿಯೋ ಎಂದೆ. ಅವನು ಇಳಿದ, ಮತ್ತಿಬ್ಬರು ಹತ್ತಿದರು. ಹತ್ತನೆಯ ಹಾಡಿನ ಹೊತ್ತಿಗೆ ‘ಎ’ ವಿಭಾಗದವರು ಕಿಟಕಿಗಳಲ್ಲಿ ಜೋತಾಡುತ್ತಿದ್ದರು. ಪ್ರತಿ ಹಾಡು ಶುರುವಾದಾಗಲೂ ಹಾಡಿನ ಒಡೆಯರು ಎದ್ದು ನಿಲ್ಲಬೇಕು, ಉಳಿದವರು ಹೋ ಎನ್ನಬೇಕು. ಅದು ಅವರೇ ಮಾಡಿಕೊಂಡ ನಿಯಮ.

ಹದಿನೆಂಟನೆಯದು ಬಂತು. ಅಂಬರೀನ್ ಎದ್ದು ನಿಂತಳು. ಯಾರೂ ಕೂಗಬಾರದೆಂದು ಮೊದಲೇ ಎಲ್ಲರಿಂದ ಮಾತು ತೆಗೆದುಕೊಂಡಿದ್ದಳು. ವಾದ್ಯ ಬಂತು. ಪಿಟೀಲು, ಆಮೇಲೆ ಕೊಳಲು. ಗಾಯಕಿ ಮೊದಲ ಅಕ್ಷರಕ್ಕೆ ಬಾಯಿ ತೆರೆದಳು. ಅಕ್ಷರ ಅರ್ಧವಾಗಿತ್ತು. ಟಕ್! ಸೆಟ್ಟಿನ ಗುಂಡಿ ಮೇಲಕ್ಕೆ ಹಾರಿತು. ಎ ಬದಿ ಮುಗಿದಿತ್ತು.

ತರಗತಿ ಬಿದ್ದು ಬಿದ್ದು ನಕ್ಕಿತು. ಅಂಬರೀನ್ ನಗಲಿಲ್ಲ. ಕೂರಲೂ ಇಲ್ಲ.

“ಸಾರ್, ಲೆಕ್ಕ ತಪ್ಪಾಯ್ತಾ?” ಎಂದು ತನುಜ ಕೇಳಿದಳು.

“ಲೆಕ್ಕ ತಪ್ಪಿಲ್ಲ. ಟೇಪು ಗಿಡ್ಡ. ಅಂಗಡಿಯವನು ಮೋಸ ಮಾಡಿದಾನೆ,” ಎಂದೆ.

ಮೂವತ್ತಾರು ಬಾಯಿಗಳು ಆ ಮಾತನ್ನು ಊರಿಗೆ ಒಯ್ದವು. ಆ ಸಂಜೆಯಿಂದ ವೆಂಕಟರವಣಪ್ಪನಿಗೆ ‘ಗಿಡ್ಡ ಟೇಪು’ ಎಂಬ ಹೆಸರು ಬಿತ್ತು.

ಅದೇ ಸಂಜೆ ಐದೂ ಕಾಲಿಗೆ ನಾನು ಹಿಪ್ಪುನೇರಳೆ ತೋಟದ ಬದಿಯಲ್ಲಿ ಮನೆಗೆ ನಡೆದು ಹೋಗುತ್ತಿದ್ದೆ. ತೋಟಕ್ಕೆ ಕಲ್ಲುಕಂಬದ ಬೇಲಿ. ದಾರಿಗುಂಟ ಎಣಿಸುವುದು ನನ್ನ ಅಭ್ಯಾಸ. ಹದಿನೆಂಟು ಕಂಬ ಎಣಿಸಿದೆ. ನಡುವಿನ ಸಂದು ಹದಿನೇಳು. ಅಲ್ಲೇ ನಿಂತೆ. ಹಾಡಿನಿಂದ ಹಾಡಿಗೆ ಹೋಗುವಾಗ ಅಂಗಡಿಯವನು ಯಂತ್ರ ನಿಲ್ಲಿಸಿ ಬೇರೆ ಕ್ಯಾಸೆಟ್ಟು ಹಾಕಲೇಬೇಕು. ಟೇಪಿನ ಮೇಲೆ ಪ್ರತಿ ಸಂದಿನಲ್ಲಿ ನಾಲ್ಕು ಸೆಕೆಂಡು ಮೌನ. ಹದಿನೇಳು ನಾಲ್ಕಲ ಅರವತ್ತೆಂಟು. ಮೊದಲಲ್ಲಿ ಏನೂ ಮುದ್ರಣವಾಗದ ಬಿಳಿಯ ತುಂಡು ಐದು ಸೆಕೆಂಡು. ಒಟ್ಟು ಎಪ್ಪತ್ತಮೂರು. ನೂರರಲ್ಲಿ ಎಪ್ಪತ್ತಮೂರು ಹೋದರೆ ಇಪ್ಪತ್ತೇಳು. ಅಂಬರೀನಳಿಗೆ ಸಿಕ್ಕಿದ್ದು ಸರಿಯಾಗಿ ಅಷ್ಟೇ.

ಕಂಬವನ್ನು ಮಾತ್ರ ಎಣಿಸಿ ಸಂದನ್ನು ಮರೆಯಬೇಡಿ ಎಂದು ಜೂನ್ ತಿಂಗಳಲ್ಲಿ ಇದೇ ಮಕ್ಕಳಿಗೆ ನಾನೇ ಕಲಿಸಿದ್ದೆ.

ಸೋಮವಾರ ಹೇಳೋಣವೆಂದುಕೊಂಡೆ. ಸೋಮವಾರದಿಂದ ಮಕ್ಕಳಿಗೆ ಓದಿನ ರಜೆ. ಆಮೇಲೆ ಪರೀಕ್ಷೆ. ಆಮೇಲೆ ಅವರು ಮೂವತ್ತಾರು ದಿಕ್ಕಿಗೆ ಹೋದರು. ಫೆಬ್ರವರಿ ೨೯ ಅಲ್ಲಿಂದೀಚೆಗೆ ಎಂಟು ಬಾರಿ ಬಂದು ಹೋಗಿದೆ. ಎಂಟು ಬಾರಿಯೂ ಕ್ಯಾಲೆಂಡರಿನ ಆ ಚೌಕವನ್ನು ನೋಡಿದ್ದೇನೆ.

ಕಳೆದ ಅಕ್ಟೋಬರಿನಲ್ಲಿ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಫೋನು ಬಂತು.

“ಸಾರ್, ನಾನು ರಮೇಶ್‌ಬಾಬು. ಗುರ್ತು ಸಿಕ್ತಾ?”

“ಹಾಜರಿ ಸಂಖ್ಯೆ ಇಪ್ಪತ್ತೇಳು. ಪೈಥಾಗೊರಸ್ ಬರ್ತಿರಲಿಲ್ಲ.”

“ಈಗ್ಲೂ ಬರಲ್ಲ ಸಾರ್! ಚಿಂತಾಮಣಿಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದೀನಿ, ಮೂಲೆಮಟ್ಟ ಮಾರ್ತೀನಿ, ಲಂಬಕೋನ ಅದೇ ನೋಡ್ಕೊಳುತ್ತೆ. ಸಾರ್, ನವೆಂಬರ್ ಹದಿನಾರು, ಭಾನುವಾರ, ನಮ್ ಬ್ಯಾಚಿಂದ ಗುರುವಂದನೆ. ನೀವು ಬರ್ಲೇಬೇಕು. ಜಾಹಿದ್ ಆ ಕ್ಯಾಸೆಟ್ ತರ್ತಾನೆ, ಇನ್ನೂ ಇಟ್ಕೊಂಡವ್ನೆ!”

“ಅಂಬರೀನ್ ಬರ್ತಾಳಾ?”

“ಟಕ್ ಅಂಬರೀನಾ? ಬರ್ತಾಳೆ ಸಾರ್. ಶಿಡ್ಲಘಟ್ಟದಲ್ಲೇ ಅವಳ್ದೇ ನೂಲಿನ ಘಟಕ ನಡೀತಾ ಐತೆ.”

ಮೂವತ್ತಮೂರು ವರ್ಷವಾದರೂ ಅವಳು ಅವರಿಗೆ ಟಕ್ ಅಂಬರೀನ್. ನಾನು ಬರುವುದಾಗಿ ಹೇಳಿದೆ. “ಒಂದು ಷರತ್ತು. ಕ್ಯಾಸೆಟ್ ಅಂಗಡಿ ವೆಂಕಟರವಣಪ್ಪ ಇದ್ದರೆ ಅವರನ್ನೂ ಕರೀಬೇಕು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಬೇಕು.”

“ಗಿಡ್ಡ ಟೇಪನ್ನಾ ಸಾರ್?”

“ಅವರ ಹೆಸರು ವೆಂಕಟರವಣಪ್ಪ,” ಎಂದು ಫೋನಿಟ್ಟೆ.

ಕಮಲಮ್ಮ, ನನ್ನ ಹೆಂಡತಿ, ಆ ಭಾನುವಾರ ಬೆಳಗ್ಗೆ ಗಡಿಯಾರ ನೋಡಿ, “ಬಸ್ಸು ಒಂಬತ್ತಕ್ಕೆ. ಆರೂವರೆಗೇ ಚಪ್ಪಲಿ ಹಾಕ್ಕೊಂಡು ಕೂತಿದೀರಲ್ರೀ,” ಎಂದಳು. ಎರಡೂವರೆ ಗಂಟೆ ಮುಂಚಿತವಾಗಿದ್ದೆನೆಂಬುದು ನಿಜ.

ಬಂದವರು ಇಪ್ಪತ್ತೊಂಬತ್ತು. ಬಾರದವರು ಏಳು, ಅವರಲ್ಲಿ ಇಬ್ಬರು ಇನ್ನು ಬರುವಂತಿಲ್ಲ. ಅದೇ ಕೊಠಡಿ. ಬಾಗಿಲಲ್ಲಿ ನಿಂತಾಗ ನಲವತ್ತೊಂಬತ್ತು, ಐವತ್ತು ವಯಸ್ಸಿನ ಇಪ್ಪತ್ತೊಂಬತ್ತು ಜನ ಒಟ್ಟಿಗೆ ಎದ್ದು ನಿಂತು, “ನಮಸ್ತೇ ಸಾ...ರ್” ಎಂದು ರಾಗ ಎಳೆದರು. ಎಳೆತದ ಉದ್ದ ಕೂಡ ಬದಲಾಗಿರಲಿಲ್ಲ. ಹಣೆಯ ಗುಪ್ಪೆ ಕೂದಲು ಮಾತ್ರ ಒಬ್ಬನಲ್ಲೂ ಉಳಿದಿರಲಿಲ್ಲ.

“ರಘುನಂದನ್, ಬಾಚಣಿಗೆ ತಂದಿದೀಯ?” ಎಂದೆ.

“ಯಾಕ್ ಸಾರ್, ಈಗ ವಶಪಡಿಸ್ಕೊಂಡ್ರೂ ನಷ್ಟ ಇಲ್ಲ!” ಎಂದು ಅವನು ನುಣುಪು ತಲೆ ಸವರಿಕೊಂಡ.

ಶಾಲು, ಪೇಟ, ಹಣ್ಣಿನ ಬುಟ್ಟಿ. ಆಮೇಲೆ ಎರಡು ಮಾತು ಆಡಬೇಕೆಂದು ಮೈಕು ಕೊಟ್ಟರು. ಮೈಕು ಕೆಳಗಿಟ್ಟು ಸೀಮೆಸುಣ್ಣ ಕೇಳಿದೆ. ಮುಂದಿನ ಸಾಲಿನ ಕುರ್ಚಿಯಲ್ಲಿ ವೆಂಕಟರವಣಪ್ಪ ಕುಳಿತಿದ್ದರು. ಈಗ ಎಪ್ಪತ್ತರ ಹತ್ತಿರ, ಕಿವಿಯಲ್ಲಿ ಶ್ರವಣಯಂತ್ರ. ಎರಡನೆಯ ಸಾಲಿನಲ್ಲಿ ಅಂಬರೀನ್. ಬೆರಳ ತುದಿಗಳು ರೇಷ್ಮೆಗೂಡಿನ ಬಿಸಿನೀರಿನಲ್ಲಿ ನೆನೆದು ನೆನೆದು ಬಿಳಿಚಿಕೊಂಡಿದ್ದವು.

ಕಪ್ಪುಹಲಗೆಯ ಮೇಲೆ ಬರೆದೆ: ೧೮ × ೧೦೦ = ೧೮೦೦. ಅದರ ಕೆಳಗೆ, ೧೭ × ೪ = ೬೮. ಅದರ ಕೆಳಗೆ ೫. ಒಟ್ಟು ೧೮೭೩. ಟೇಪು ೧೮೦೦. ವ್ಯತ್ಯಾಸ ೭೩. ಕೊನೆಯ ಅಂಕಿಗೆ ಎರಡು ಗೆರೆ ಎಳೆದು ತಿರುಗಿದೆ.

“ಟೇಪು ಗಿಡ್ಡವಾಗಿರಲಿಲ್ಲ. ನಾನು ಸಂದು ಬಿಟ್ಟೆ. ಅದು ಆ ದಿನ ಸಂಜೆಯೇ ನನಗೆ ತಿಳಿಯಿತು. ಹೇಳಲಿಲ್ಲ. ವೆಂಕಟರವಣಪ್ಪನವರೇ, ನಿಮ್ಮ ಹೆಸರು ಕೆಡಿಸಿದವನು ನಾನು. ಅಂಬರೀನ್, ಆ ಎಪ್ಪತ್ತಮೂರು ಸೆಕೆಂಡು ನಾನು ನಿನಗೆ ಕೊಡಬೇಕಾದದ್ದು.”

ತನುಜ, ಗೌರಿಬಿದನೂರಿನಲ್ಲಿ ಬ್ಯಾಂಕ್ ಮ್ಯಾನೇಜರ್ ಆಗಿರುವ ತನುಜ, ಕುರ್ಚಿಯಿಂದ ಎದ್ದು ಎರಡೂ ಕೈ ಮೇಲೆತ್ತಿದಳು. “ನಾನ್ ಅವತ್ತೇ ಕೇಳ್ದೆ! ಲೆಕ್ಕ ತಪ್ಪಾಯ್ತಾ ಅಂತ ಅವತ್ತೇ ಕೇಳ್ದೆ! ಎಲ್ರೂ ಕೇಳಿಸ್ಕೊಂಡ್ರಾ? ಸಾರ್ ಲೆಕ್ಕ ತಪ್ಪು!” ರಮೇಶ್‌ಬಾಬು ಸಿಳ್ಳೆ ಹಾಕಿದ. ಡೆಸ್ಕುಗಳು ಬಡಿದುಕೊಂಡವು. ನನ್ನ ಭಾಗಾಕಾರಕ್ಕಿಂತ ನನ್ನ ತಪ್ಪಿಗೆ ಹೆಚ್ಚು ಸದ್ದು ಸಿಕ್ಕಿತು.

ವೆಂಕಟರವಣಪ್ಪ ಎದ್ದರು. “ಪೋನೀಲೆಂಡಿ ಸಾರ್, ಹೋಗ್ಲಿ ಬಿಡಿ. ನಿಮ್ಮ ಚೀಟಿ ನೋಡ್ದಾಗ್ಲೇ ನಂಗೆ ಅನುಮಾನ ಬಂತು. ಮೇಷ್ಟ್ರು ಬರ್ದವ್ರೆ, ನಾನ್ಯಾರು ಹೇಳಕ್ಕೆ ಅಂತ ಸುಮ್ನಾದೆ. ಎ ಬದಿ ಮುಗ್ದಾಗ ಸೆಟ್ಟು ಟಕ್ ಅಂತು. ಅದಕ್ಕೇ ಬಿ ಬದೀಲಿ ಒಂದೊಂದು ಹಾಡಿಗೆ ಐದೈದು ಸೆಕೆಂಡು ಕದ್ದೆ.” ಆಮೇಲೆ ಅಂಬರೀನಳ ಕಡೆ ತಿರುಗಿ, “ಈಯಮ್ಮ ಮೂವತ್ತು ವರ್ಷದಿಂದ ನಮ್ಮಂಗ್ಡಿ ಮುಂದೆ ಹೋಗ್ವಾಗೆಲ್ಲ ಟಕ್ ಅಂತ ನಾಲ್ಗೆ ಹೊಡ್ದು ಹೋಯ್ತದೆ ಸಾರ್,” ಎಂದರು.

ಅಂಬರೀನ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅಯ್ಯೋ, ತಪ್ಪಾಯ್ತು ಅಣ್ಣಾ. ಇನ್ಮೇಲೆ ಸಾರ್ ಮನೆ ಮುಂದೆ ಹೋಗಿ ಹೊಡೀತೀನಿ.”

ರಮೇಶ್‌ಬಾಬು ಆಗಲೇ ಫೋನು ತೆಗೆದಿದ್ದ. “ಅಷ್ಟಕ್ಕೆ ಯಾಕ್ ತಲೆಬಿಸಿ? ಹಾಡಿನ ಹೆಸ್ರು ಹೇಳು. ಎರಡು ನಿಮಿಷ, ಇಲ್ಲೇ ಹಾಕ್ತೀನಿ, ಪೂರ್ತಿ ಹಾಡು.”

“ಬೇಡಪ್ಪಾ,” ಎಂದಳು ಅಂಬರೀನ್. ನಗು ನಿಂತಿತ್ತು. “ಫೋನಲ್ಲಿ ಲೋಕಕ್ಕೆಲ್ಲ ಸಿಗುತ್ತೆ. ನಂದೂ ಮೂವತ್ತಾರರಲ್ಲಿ ಒಂದು. ನಂಗೆ ಆ ಕ್ಯಾಸೆಟ್ಟಲ್ಲೇ ಬೇಕು. ಹದಿನೇಳಾದ್ಮೇಲೆ ಹದಿನೆಂಟು ಬರ್ಬೇಕು, ಪೂರಾ ಬರ್ಬೇಕು.”

“ಅದ್ರಲ್ಲಿ ಜಾಗ ಎಲ್ಲೈತೆ ಮಾರಾಯ್ತಿ?”

ಜಾಗ ಎಲ್ಲಿದೆ ಎಂಬುದು ಲೆಕ್ಕದ ಪ್ರಶ್ನೆ. ನಾನು ಹಲಗೆ ಒರೆಸಿದೆ. “ವೆಂಕಟರವಣಪ್ಪನವರೇ, ಟೇಪು ಸೆಕೆಂಡಿಗೆ ಎಷ್ಟು ದೂರ ಓಡುತ್ತೆ?”

“ನಾಲ್ಕು ಪಾಯಿಂಟು ಏಳು ಆರು ಸೆಂಟಿಮೀಟ್ರು ಸಾರ್. ಯಾವ ಕಂಪ್ನಿದಾದ್ರೂ ಅಷ್ಟೇ.” ಹಲ್ಲಿನ ವೈದ್ಯ ಹಲ್ಲಿನ ಲೆಕ್ಕ ಹೇಳುವಂತೆ ಹೇಳಿದರು.

ಎಪ್ಪತ್ತಮೂರು ಗುಣಿಸು ನಾಲ್ಕು ಬಿಂದು ಏಳು ಆರು. ಮುನ್ನೂರ ನಲವತ್ತೇಳು ಬಿಂದು ನಾಲ್ಕು ಎಂಟು ಸೆಂಟಿಮೀಟರು. “ಟೇಪು ಮುಗಿಯುವಲ್ಲಿ ಕತ್ತರಿಸಿ ಇಷ್ಟುದ್ದ ಸೇರಿಸಿದರೆ ಹಾಡು ಹಿಡಿಯುತ್ತದೆ,” ಎಂದೆ. ಬರೆದ ಉತ್ತರವನ್ನು ಮತ್ತೊಮ್ಮೆ ನೋಡಿದೆ. ತುಂಡು ಸೇರಿಸಿದರೆ ಎರಡು ಕಡೆ ಅಂಟು ಬರುತ್ತದೆ. “ಸಂದಿಗೆ ಎರಡೂವರೆ ಸೆಂಟಿಮೀಟರು ಹೆಚ್ಚಿಗೆ. ಒಟ್ಟು ಮೂರೂವರೆ ಮೀಟರು.”

“ಈ ಸಲ ಸಂದು ಹಿಡಿದ್ರು!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಮೂರೂವರೆ ಮೀಟ್ರಾ? ಅಷ್ಟೇನಾ?” ಅಂಬರೀನ್ ಬಳೆ ಹಿಂದಕ್ಕೆ ತಳ್ಳಿಕೊಂಡಳು. “ಒಂದು ಗೂಡಲ್ಲಿ ಸಾವಿರ ಮೀಟ್ರು ಎಳೆ ಇರುತ್ತೆ ಸಾರ್, ಕಣ್ಣಿಗೆ ಕಾಣದಷ್ಟು ಸಣ್ಣ. ಕಿತ್ತೋದ್ರೆ ನೀರಲ್ಲೇ ಹುಡುಕಿ ಸೇರಿಸ್ತೀವಿ. ಇದೇನ್ ಮಹಾ, ಹಗ್ಗ ಇದ್ದಂಗೈತೆ. ಕೊಡಿಲ್ಲಿ.”

ಮುಂದಿನ ಒಂದು ಗಂಟೆ ಹೊತ್ತು, ಐವತ್ತು ವರ್ಷದವರು ಹದಿನಾರು ವರ್ಷದವರಂತೆ ಓಡಿದರು. ಇಬ್ಬರು ಕಾರಿನಲ್ಲಿ ಹೋಗಿ ವೆಂಕಟರವಣಪ್ಪನ ಅಟ್ಟದಿಂದ ಜೋಡಿ ಕ್ಯಾಸೆಟ್ಟಿನ ಯಂತ್ರ ಇಳಿಸಿ ತಂದರು. ಆ ಅಂಗಡಿಯಲ್ಲಿ ಈಗ ಅವರ ಮಗಳು ಜೆರಾಕ್ಸ್ ಯಂತ್ರ ಇಟ್ಟಿದ್ದಾಳೆ. ಆಕೆ ಒಂದು ಖಾಲಿ ಕ್ಯಾಸೆಟ್ಟು, ಬ್ಲೇಡು, ಸೆಲೋಟೇಪು, ಸಣ್ಣ ತಿರುಪುಳಿ ಕೊಟ್ಟು ಕಳಿಸಿದ್ದಳು. ಜಾಹಿದ್, ಮುರುಗಮಲ್ಲದಲ್ಲಿ ಅತ್ತರು, ಟೋಪಿ ಮಾರುವ ಜಾಹಿದ್, ತನ್ನ ಕ್ಯಾಸೆಟ್ಟನ್ನು ಕರವಸ್ತ್ರದಿಂದ ಬಿಚ್ಚಿದ. ಐದು ಸ್ಕ್ರೂ ಬಿಚ್ಚುವಷ್ಟು ಹೊತ್ತೂ, “ಹುಷಾರಮ್ಮಾ, ಹುಷಾರು,” ಎಂದು ಅಂಬರೀನಳ ಭುಜದ ಮೇಲೆ ಬಗ್ಗಿಯೇ ಇದ್ದ.

“ಅರೇ, ನಿನ್ನ ಮಗಳ ಆಪರೇಷನ್ನಾ ಇದು? ಬೆಳಕಿಗೆ ಅಡ್ಡ ನಿಲ್ಬೇಡ, ಸರ್ಕೋ!”

ಕಪ್ಪುಹಲಗೆಯ ಮರದ ಮೀಟರ್ ಕೋಲಿನಿಂದ ನಾನು ಖಾಲಿ ಟೇಪನ್ನು ಅಳೆದೆ. ಒಂದು, ಎರಡು, ಮೂರು, ಅರ್ಧ. ತುದಿಯನ್ನು ಅವಳ ಕೈಗೆ ಕೊಟ್ಟೆ.

“ಹೊಳೆಯೋ ಮಗ್ಗುಲಿಗೆ ಅಂಟಿಸಮ್ಮ, ಮಾಸಲು ಮಗ್ಗುಲಲ್ಲಿ ಹಾಡಿರ್ತದೆ,” ಎಂದರು ವೆಂಕಟರವಣಪ್ಪ.

ಅವಳು ಎರಡು ತುದಿಗಳನ್ನೂ ಓರೆಯಾಗಿ ಕತ್ತರಿಸಿ, ಉಗುರಿನಿಂದ ಒತ್ತಿ, ಒಂದೇ ಸಲಕ್ಕೆ ಸೇರಿಸಿದಳು. ಬೆಳಕಿಗೆ ಹಿಡಿದಾಗ ಸಂದು ಎಲ್ಲಿದೆಯೆಂದು ನನಗೆ ಕಾಣಲಿಲ್ಲ. ನನ್ನ ಕನ್ನಡಕ ಬದಲಿಸಿ ಆರೇ ತಿಂಗಳಾಗಿದೆ.

ಇನ್ನುಳಿದದ್ದು ವೆಂಕಟರವಣಪ್ಪನ ಬೆರಳಿನ ಕೆಲಸ. ರಮೇಶ್‌ಬಾಬುವಿನ ಫೋನಿನಿಂದ ಯಂತ್ರಕ್ಕೆ ತಂತಿ ಹಾಕಿದರು. ಹಳೆಯ ಇಪ್ಪತ್ತೇಳು ಸೆಕೆಂಡನ್ನು ಅಳಿಸಬಾರದು, ಅರ್ಧ ಅಕ್ಷರದಿಂದ ಮುಂದಕ್ಕೆ ಹೊಸತು ಬರಬೇಕೆಂಬುದು ಅಂಬರೀನಳ ಹಟ. ಅವರು ಶ್ರವಣಯಂತ್ರ ಸರಿಪಡಿಸಿಕೊಂಡು, ತೋರುಬೆರಳನ್ನು ಗುಂಡಿಯ ಮೇಲಿಟ್ಟು, ಕಣ್ಣು ಮುಚ್ಚಿದರು. ಫೋನಿನಲ್ಲಿ ವಾದ್ಯ ಓಡಿತು. ಪಿಟೀಲು, ಕೊಳಲು. ಬೆರಳು ಎದ್ದಿತು. ಯಂತ್ರದ ಚಕ್ರಗಳು ತಿರುಗಿದವು.

“ಈಗ ಹಾಕಿ ನೋಡಣ,” ಎಂದರು ಟೇಪು ಹಿಂದಕ್ಕೆ ಸುತ್ತಿ.

ಅಂಬರೀನ್ ಎದ್ದು ನಿಂತಳು. ಆ ವರ್ಷ ಅವಳು ಕೂರುತ್ತಿದ್ದ ಮೂರನೆಯ ಡೆಸ್ಕಿನ ಬಳಿಯೇ. “ಯಾರೂ ಬಾಯ್ ಬಿಡ್ಬಾರ್ದು. ಹಾಡೋ ಹಂಗೂ ಇಲ್ಲ. ರಘು, ಆ ಫ್ಯಾನ್ ನಿಲ್ಸು.”

ಫ್ಯಾನು ನಿಂತಿತು. ಹದಿನೇಳನೆಯ ಹಾಡಿನ ಬಾಲ ಬಂದು ಮುಗಿಯಿತು. ನಾಲ್ಕು ಸೆಕೆಂಡಿನ ಸಂದು. ನಾನು ಗಡಿಯಾರ ನೋಡುತ್ತಿದ್ದೆ. ಪಿಟೀಲು ಹಳೆಯದಾಗಿ, ಸ್ವಲ್ಪ ಮಸುಕಾಗಿ ಬಂತು. ಕೊಳಲು. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು. ಗಾಯಕಿ ಬಾಯಿ ತೆರೆದಳು. ಅರ್ಧ ಅಕ್ಷರ ೧೯೯೨ರದು. ಉಳಿದರ್ಧ ಈಚಿನದು, ಹೊಳಪಿನದು. ನಡುವೆ ಕೂದಲೆಳೆಯಷ್ಟೂ ಬಿರುಕಿಲ್ಲ. ಹಾಡು ಮುಂದೆ ಹೋಯಿತು. ಇಪ್ಪತ್ತೊಂಬತ್ತು ಜನರೂ ಹಾಡಿಗೆ ತುಟಿ ಮಾತ್ರ ಆಡಿಸುತ್ತಿದ್ದರು, ದನಿ ಹೊರಡಿಸಲಿಲ್ಲ. ಅಂಬರೀನ್ ಅದನ್ನೂ ಮಾಡಲಿಲ್ಲ. ಕೇಳುತ್ತ ನಿಂತಿದ್ದಳು. ಒಂದು ಕಡೆ ಮಾತ್ರ ಹುಬ್ಬು ಗಂಟಿಕ್ಕಿ, ಆಮೇಲೆ ನಕ್ಕಳು.

ನೂರು. ಟಕ್!

ಕೊಠಡಿ ಸಿಡಿಯಿತು. ರಮೇಶ್‌ಬಾಬು ಡೆಸ್ಕಿನ ಮೇಲೆ ಹತ್ತಿದ. ಇಳಿಯೋ ಎಂದೆ. ರೂಢಿಯಿಂದ ಅಂದದ್ದು, ಅವನು ಇಳಿಯದಿದ್ದರೂ ನನ್ನ ಆಕ್ಷೇಪವಿರಲಿಲ್ಲ.

“ಯಾಕ್ ನಕ್ಕೆ?” ಎಂದು ತನುಜ ಅವಳ ತೋಳು ಹಿಡಿದು ಅಲ್ಲಾಡಿಸಿದಳು.

“ಎರಡ್ನೇ ಸಾಲಲ್ಲಿ ಒಂದು ಮಾತು ನಾನು ಇಷ್ಟು ವರ್ಷ ತಪ್ಪು ಹಾಡ್ತಿದ್ದೆ ಕಣೇ. ಚರಕದ ಸದ್ದಲ್ಲಿ ನಾನೇ ಸೇರಿಸ್ಕೊಂಡಿದ್ದು. ನಂದೇ ಚೆನ್ನಾಗಿದೆ!”

ಆ ಗದ್ದಲದಲ್ಲೇ ಜಾಹಿದ್ ಕ್ಯಾಸೆಟ್ಟನ್ನು ಬಿ ಬದಿಗೆ ತಿರುಗಿಸಿ ಹಾಕಿದ. ಏನೂ ಬರಲಿಲ್ಲ. ಹತ್ತು ಸೆಕೆಂಡಾಯಿತು, ಇಪ್ಪತ್ತಾಯಿತು. ಬಿ ಬದಿಯ ಮೊದಲ ಹಾಡು ಹತ್ತೊಂಬತ್ತನೆಯದು.

“ನಂದು ಹೋಯ್ತು!” ತನುಜ ಕಿರುಚಿದಳು. “ಅವಳ್ದು ಸರಿ ಮಾಡಕ್ಕೋಗಿ ನಂದು ಅಳಿಸ್ಬಿಟ್ರಿ! ಸಾರ್! ಮತ್ತೆ ಲೆಕ್ಕ ತಪ್ಪು ಸಾರ್!”

ನಾನು ಕೈ ಎತ್ತಿದೆ. ಮೊದಲ ಬಿಳಿಯ ತುಂಡಿನ ಐದು ಸೆಕೆಂಡು ಬಿಟ್ಟು ಗಡಿಯಾರ ನೋಡುತ್ತಲೇ ಇದ್ದೆ. “ಎ ಬದಿಯ ಕೊನೆಯೇ ಬಿ ಬದಿಯ ಮೊದಲು. ಅಲ್ಲಿ ಸೇರಿಸಿದ್ದು ಇಲ್ಲೂ ಸೇರಿತು. ಇಲ್ಲಿ ಏನೂ ತುಂಬಿಸಿಲ್ಲ, ಅಷ್ಟೇ. ಸುಮ್ಮನೆ ನಿಂತ್ಕೊ. ಎಪ್ಪತ್ತು... ಎಪ್ಪತ್ತೊಂದು... ಎಪ್ಪತ್ತೆರಡು...” ಎಪ್ಪತ್ತಮೂರಕ್ಕೆ ಡೋಲು ಮೊಳಗಿತು. ತನುಜಳ ಹಾಡು. ಬ್ಯಾಂಕ್ ಮ್ಯಾನೇಜರು ಎದೆಯ ಮೇಲೆ ಕೈಯಿಟ್ಟುಕೊಂಡು ಕ್ಷಣ ನಿಂತು, ಆಮೇಲೆ ಕುಣಿಯತೊಡಗಿದಳು.

ಬಿ ಬದಿ ಪೂರ್ತಿ ಆಯಿತು. ಊಟವೂ ಆಯಿತು. ಹೊರಡುವಾಗ ಅಂಬರೀನ್ ಬಾಗಿಲಿಗೆ ಬಂದಳು. ಹಿಂದೆ ವೆಂಕಟರವಣಪ್ಪ, ಕಂಕುಳಲ್ಲಿ ಯಂತ್ರದ ತಂತಿಯ ಸುರುಳಿ.

“ಸಾರ್, ನನ್ ಲೆಕ್ಕ ಚುಕ್ತಾ. ಆದ್ರೆ ಬಿ ಬದೀಲಿ ಎಪ್ಪತ್ಮೂರು ಸೆಕೆಂಡು ಖಾಲಿ ಬಿದ್ದೈತಲ್ಲ, ಅದು ಯಾರ್ದು?”

ನಾನು ಹೊದಿಸಿದ್ದ ಶಾಲನ್ನು ಮಡಿಸತೊಡಗಿದೆ.

“ಮೂವತ್ತೇಳ್ನೇದು ಸಾರ್ ಅದು. ಅವತ್ತು ಶೇಷ ಉಳಿಯುತ್ತೆ ಅಂತ ತಪ್ಪಿಸ್ಕೊಂಡ್ರಿ. ಈಗ ಶೇಷಾನೇ ಉಳ್ದಿರೋದು. ನಿಮ್ಮ ಹಾಡು ಯಾವ್ದೋ ಒಂದಿರುತ್ತೆ, ಇರ್ಲೇಬೇಕು. ಫೋನಿಂದ ತುಂಬಿಸಕ್ಕೆ ಒಪ್ಪಲ್ಲ. ನಿಮ್ಮ ಬಾಯಲ್ಲೇ.”

“ಬರೋ ಭಾನುವಾರ ಸೆಟ್ಟು ತಕ್ಕೊಂಡು ಚಿಕ್ಕಬಳ್ಳಾಪುರಕ್ಕೇ ಬರ್ತೀವಿ ಸಾರ್,” ಎಂದರು ವೆಂಕಟರವಣಪ್ಪ. “ನನ್ ಹೆಸ್ರು ಕೆಡ್ಸಿದ್ದಕ್ಕೆ ನಂದೂ ಇದೇ ಕೇಳಿಕೆ.”

ಇಂದು ಗುರುವಾರ. ಕಮಲಮ್ಮ ಎರಡು ಬಾರಿ ಅಡುಗೆಮನೆಯಿಂದ ಇಣುಕಿ ನೋಡಿದ್ದಾಳೆ. “ಏನ್ರೀ ಅದು ಗುನುಗೋದು? ನಲವತ್ತಾರು ವರ್ಷದಲ್ಲಿ ನಿಮ್ಮ ಬಾಯಲ್ಲಿ ಮಗ್ಗಿ ಬಿಟ್ರೆ ರಾಗ ಕೇಳಿಲ್ಲವಲ್ರೀ ನಾನು!”

ಗಡಿಯಾರ ಮೇಜಿನ ಮೇಲಿದೆ. ಪಲ್ಲವಿ ಅರವತ್ತೊಂದು ಸೆಕೆಂಡಿಗೆ ಮುಗಿಯುತ್ತದೆ. ನಡುವೆ ನಾಲ್ಕು ಕಡೆ ಉಸಿರು ತೆಗೆದುಕೊಳ್ಳಬೇಕು, ಒಂದಕ್ಕೆ ಮೂರು ಸೆಕೆಂಡಿನಂತೆ ಹನ್ನೆರಡು. ಒಟ್ಟು ಎಪ್ಪತ್ತಮೂರು, ಶೇಷ ಸೊನ್ನೆ. ಈ ಸಲ ಸಂದು ಬಿಟ್ಟಿಲ್ಲ. ಭಾನುವಾರದವರೆಗೆ ಮಾತ್ರ ಆ ಹಾಡು ನನ್ನ ಹೆಸರಿನಲ್ಲಿ ಬಾಕಿ.